ವಿಜಯಪುರದ ಅರ್ಧ ದಿನದ ಗೋರಿ ನಡಿಗೆ: ಒಂದು ಗೈಡ್ ಸೇವೆಯ ವಿಮರ್ಶೆ

ಗೋಲಗುಮ್ಮಟಕ್ಕೆ ಬಂದವರಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಗೋಪುರದ ಮೆಟ್ಟಿಲು ಹತ್ತುತ್ತಾರೆ, ಗ್ಯಾಲರಿಯಲ್ಲಿ ಕೂಗಿ ಏಳು ಸಲ ಮರುದನಿ ಕೇಳುತ್ತಾರೆ, ಇಳಿದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಕೆಳಗೆ ಹಜಾರದ ನಡುವಿನ ಕಟ್ಟೆಯ ಮೇಲೆ ಆರು ಗೋರಿಗಳಿವೆ. ಇಡೀ ಕಟ್ಟಡ ಎದ್ದಿರುವುದೇ ಆ ಆರು ಜನರಿಗಾಗಿ. ಆದರೂ ಅಲ್ಲಿ ಎರಡು ನಿಮಿಷ ನಿಲ್ಲುವವರು ವಿರಳ. ಊರಿನ ಇಬ್ಬರು ಗೈಡುಗಳು ಸೇರಿ ನಡೆಸುವ ಅರ್ಧ ದಿನದ ಗೋರಿ ನಡಿಗೆ ಶುರುವಾಗುವುದು ಆ ಕಟ್ಟೆಯ ಮುಂದೆಯೇ. ವಿಜಯಪುರವನ್ನು ಆಳಿದ ಆದಿಲಶಾಹಿ ಸುಲ್ತಾನರ ಕಾಲದಲ್ಲಿ ಸತ್ತವರನ್ನು ಹೇಗೆ ತೊಳೆದರು, ಹೇಗೆ ಸುತ್ತಿದರು, ಯಾವ ದಿಕ್ಕಿಗೆ ಮಲಗಿಸಿದರು, ಮೇಲೆ ಯಾಕೆ ಇಂಥ ಕಲ್ಲು ಇಟ್ಟರು ಎಂಬುದನ್ನು ಇಷ್ಟು ಕ್ರಮವಾಗಿ ಹೇಳುವ ಸೇವೆ ವಿಜಯಪುರದಲ್ಲಿ ಇರುವುದೇ ಸಂತೋಷದ ಸಂಗತಿ. ಕೊರತೆಗಳೂ ಇವೆ. ಕೊನೆಯ ನಿಲ್ದಾಣದಲ್ಲಂತೂ ದೊಡ್ಡದೊಂದು ತಪ್ಪಿದೆ. ಅದನ್ನು ಆಮೇಲೆ ಹೇಳುತ್ತೇವೆ.

ವ್ಯವಸ್ಥೆ ಸರಳ. ಮುಂಜಾನೆ ಗೋಲಗುಮ್ಮಟದ ಗೇಟು ತೆರೆಯುವ ಹೊತ್ತಿಗೆ ಸೇರಬೇಕು. ಅಲ್ಲಿಂದ ಟಾಂಗಾ ಅಥವಾ ಆಟೊ, ನಿಮ್ಮ ಇಷ್ಟ. ಇಬ್ರಾಹಿಂ ರೋಜಾ (ರೋಜಾ ಎಂದರೆ ಇಲ್ಲಿ ಗೋರಿಯ ಕಟ್ಟಡ), ಒಂದನೇ ಅಲಿಯ ರೋಜಾ, ಜೋಡ ಗುಮ್ಮಟ, ಬಾರಾ ಕಮಾನ್ ಮುಗಿಸಿ, ಒಪ್ಪಿದವರನ್ನು ಊರಾಚೆಯ ಸಾಠ ಕಬರಿಗೆ ಕರೆದೊಯ್ಯುತ್ತಾರೆ. ಗೋಲಗುಮ್ಮಟ ಮತ್ತು ಇಬ್ರಾಹಿಂ ರೋಜಾ ಎರಡಕ್ಕೂ ಬೇರೆ ಬೇರೆ ಟಿಕೆಟ್ ಬೇಕು. ಗೈಡಿನ ಹಣದಲ್ಲಿ ಅದು ಸೇರಿಲ್ಲ, ಗಾಡಿ ಬಾಡಿಗೆಯೂ ಸೇರಿಲ್ಲ. ಇದನ್ನು ಬುಕ್ ಮಾಡುವಾಗಲೇ ಸ್ಪಷ್ಟವಾಗಿ ಹೇಳುತ್ತಾರೆ, ಅದು ಒಳ್ಳೆಯದು. ಮಾತು ಕನ್ನಡ, ಉರ್ದು, ಹಿಂದಿಯಲ್ಲಿ ನಡೆಯುತ್ತದೆ. ಕನ್ನಡದಲ್ಲಿ ಕೇಳಿದರೆ ಪೂರ್ತಿ ಕನ್ನಡದಲ್ಲೇ ಹೇಳುತ್ತಾರೆ, ನಡುವೆ ಬೇರೆ ಭಾಷೆಗೆ ಜಾರುವುದಿಲ್ಲ.

ಗುಮ್ಮಟದ ಒಳಗೆ ಹೋಗುವ ಮೊದಲು ಹೊರಗಿನ ಹುಲ್ಲುಹಾಸಿನ ಬದಿಯಲ್ಲಿ ಒಂದು ತಾಡಪತ್ರಿ ಹಾಸಿ, ಅದರ ಮೇಲೆ ಕಫನ್, ಅಂದರೆ ಶವಕ್ಕೆ ಸುತ್ತುವ ಮೂರು ತುಂಡು ಬಿಳಿ ಬಟ್ಟೆ ಹರಡುತ್ತಾರೆ. ಇಡೀ ನಡಿಗೆಯಲ್ಲಿ ಅತಿ ಉತ್ತಮ ಭಾಗ ಇದು. ಮೊದಲು ಕೆಳಗೆ ಎಲ್ಲಕ್ಕಿಂತ ದೊಡ್ಡದಾದ ಲಿಫಾಫಾ, ತಲೆ ಕಾಲು ಎರಡೂ ಕಡೆ ಒಂದಿಷ್ಟು ಹೆಚ್ಚಾಗಿ ಉಳಿಯುವಷ್ಟು ಉದ್ದ. ಅದರ ಮೇಲೆ ತಲೆಯಿಂದ ಕಾಲಿನವರೆಗೆ ಬರುವ ಇಜಾರ. ಮೂರನೆಯದು ಕಫನಿ, ನಡುವೆ ಕುತ್ತಿಗೆಗೆ ಸೀಳಿದ, ತೋಳಿಲ್ಲದ, ಹೊಲಿಗೆಯಿಲ್ಲದ ಅಂಗಿ. ಗಂಡಸಿಗೆ ಈ ಮೂರೇ. ಹೆಂಗಸಿಗೆ ಇನ್ನೆರಡು ಸೇರಿ ಐದು: ತಲೆಗೂದಲು ಮುಚ್ಚುವ ಓಢನಿ ಮತ್ತು ಎದೆಯ ಮೇಲೆ ಸುತ್ತುವ ಸೀನಾಬಂದ. ಗೈಡ್ ಒಬ್ಬರು ಉದ್ದನೆಯ ಲೋಡನ್ನು ದೇಹದ ಜಾಗದಲ್ಲಿಟ್ಟು ಸುತ್ತಿ ತೋರಿಸುತ್ತಾರೆ. ಮೊದಲು ಎಡಗಡೆಯ ಅಂಚು, ಅದರ ಮೇಲೆ ಬಲಗಡೆಯ ಅಂಚು. ತಲೆ, ನಡು, ಕಾಲು ಮೂರು ಕಡೆ ಬಟ್ಟೆಯ ಪಟ್ಟಿಯಿಂದ ಕಟ್ಟು. ಹೊತ್ತೊಯ್ಯುವಾಗ ಬಟ್ಟೆ ಸರಿಯದಿರಲಿ ಎಂದಷ್ಟೇ ಈ ಕಟ್ಟು, ಆದ್ದರಿಂದ ಕುಣಿಯಲ್ಲಿ ಇಳಿಸಿದ ಮೇಲೆ ಬಿಚ್ಚುತ್ತಾರೆ. ಬಿಚ್ಚುವ ಸಂಗತಿ ಹೇಳುವಾಗ ಅವರು ಲೋಡಿನ ಗಂಟನ್ನೂ ಬಿಚ್ಚಿ ತೋರಿಸುತ್ತಾರೆ. ಸುತ್ತ ನಿಂತ ಗಲಾಟೆಯ ಕಾಲೇಜು ಹುಡುಗರೂ ಆ ಹೊತ್ತಿಗೆ ಸುಮ್ಮನಾಗಿರುತ್ತಾರೆ.

ಬಟ್ಟೆಗೂ ಮೊದಲು ತೊಳೆಯುವ ಕ್ರಮ ಇದೆ, ಅದನ್ನೂ ಬಿಡಿಸಿ ಹೇಳುತ್ತಾರೆ. ಗಂಡಸನ್ನು ಗಂಡಸರು, ಹೆಂಗಸನ್ನು ಹೆಂಗಸರು ತೊಳೆಯಬೇಕು. ಮೈಮೇಲಿನ ಮರೆ ತೆಗೆಯದೆ, ಬಲಗಡೆಯಿಂದ ಶುರುಮಾಡಿ, ಮೂರು ಅಥವಾ ಐದು, ಒಟ್ಟಿನಲ್ಲಿ ಬೆಸ ಸಂಖ್ಯೆಯಲ್ಲಿ ನೀರು ಹಾಕುತ್ತಾರೆ. ನೀರಿಗೆ ಬಾರಿ ಹಣ್ಣಿನ ಗಿಡದ ಎಲೆ ಹಾಕಿ ಕಾಯಿಸುವುದು ಹಳೆಯ ಪದ್ಧತಿ. ಕೊನೆಯ ನೀರಿಗೆ ಕರ್ಪೂರ. ಆಮೇಲೆ ನಮಾಜಿನಲ್ಲಿ ನೆಲಕ್ಕೆ ತಾಗುವ ಅಂಗಗಳಿಗೆ, ಅಂದರೆ ಹಣೆ, ಮೂಗು, ಅಂಗೈ, ಮೊಣಕಾಲು, ಪಾದಗಳಿಗೆ, ಕರ್ಪೂರ ಹಚ್ಚುತ್ತಾರೆ. ಜನಾಜಾದ ನಮಾಜು, ಅಂದರೆ ಸತ್ತವರಿಗಾಗಿ ಮಾಡುವ ನಮಾಜು, ನಿಂತೇ ಮುಗಿಯುತ್ತದೆ. ಅದರಲ್ಲಿ ನಾಲ್ಕು ತಕ್ಬೀರ್ ಇವೆ, ಅಂದರೆ ನಾಲ್ಕು ಸಲ ಅಲ್ಲಾಹು ಅಕ್ಬರ್ ಎನ್ನುತ್ತಾರೆ, ಬಾಗುವುದಿಲ್ಲ, ನೆಲಕ್ಕೆ ಹಣೆ ಹಚ್ಚುವುದಿಲ್ಲ. ದೇಹ ಮುಂದೆಯೇ ಇರುವಾಗ ಅದಕ್ಕೆ ತಲೆಬಾಗಿದಂತೆ ಆಗಬಾರದು ಎಂದು ಗೈಡ್ ಕಾರಣ ಕೊಡುತ್ತಾರೆ. ಸುಲ್ತಾನನಿಗೂ ಸಾಮಾನ್ಯನಿಗೂ ಇಲ್ಲಿಯವರೆಗೆ ಎಲ್ಲ ಒಂದೇ, ಇಷ್ಟೇ ಬಟ್ಟೆ, ಇಷ್ಟೇ ನೀರು. ಬೇರೆಯಾಗುವುದು ಮಣ್ಣು ಮುಚ್ಚಿದ ಮೇಲೆ. ಈ ಮಾತನ್ನು ಅವರು ಗುಮ್ಮಟದ ಕಡೆ ಕೈ ತೋರಿಸಿ ಹೇಳುತ್ತಾರೆ, ನಡಿಗೆಯ ಉಳಿದ ಭಾಗವೆಲ್ಲ ಇದರ ಮೇಲೆಯೇ ನಿಲ್ಲುತ್ತದೆ.

ಕುಣಿಯ ವಿಷಯಕ್ಕೆ ಬಂದರೆ ವಿವರ ಇನ್ನೂ ಗಟ್ಟಿ. ಎರಡು ರೀತಿಯ ಕುಣಿಗಳಿವೆ, ಬಗಲಿ ಮತ್ತು ಸಂದೂಕಿ. ಬಗಲಿಯಲ್ಲಿ ತಗ್ಗು ತೋಡಿದ ಮೇಲೆ ಕಿಬ್ಲಾ (ಮೆಕ್ಕಾದ ದಿಕ್ಕು) ಕಡೆಯ ಗೋಡೆಯ ಬುಡದಲ್ಲಿ ಅಡ್ಡಕ್ಕೆ ಗೂಡು ಕೊರೆದು ದೇಹವನ್ನು ಅದರೊಳಗೆ ಸರಿಸುತ್ತಾರೆ. ಗೂಡಿನ ಬಾಯಿಗೆ ಹಸಿ ಇಟ್ಟಿಗೆ ಅಥವಾ ಕಲ್ಲು ನಿಲ್ಲಿಸುತ್ತಾರೆ. ಸಂದೂಕಿಯಲ್ಲಿ ತಗ್ಗಿನ ನಡುವೆಯೇ ಇನ್ನೊಂದು ಸಣ್ಣ ತಗ್ಗು ತೋಡಿ, ದೇಹ ಇಳಿಸಿ, ಮೇಲೆ ಫರಸಿ ಕಲ್ಲು ಅಥವಾ ಹಲಗೆ ಅಡ್ಡ ಹಾಕುತ್ತಾರೆ. ಎರಡರಲ್ಲೂ ಉದ್ದೇಶ ಒಂದೇ, ಮಣ್ಣಿನ ಭಾರ ನೇರವಾಗಿ ದೇಹದ ಮೇಲೆ ಬೀಳಬಾರದು. ಯಾವುದು ಯಾವಾಗ ಎಂಬುದನ್ನು ಮಣ್ಣು ತೀರ್ಮಾನಿಸುತ್ತದೆ. ಗಟ್ಟಿ ಗರಸು ಇದ್ದಲ್ಲಿ ಬಗಲಿ ನಿಲ್ಲುತ್ತದೆ. ನಮ್ಮ ಕಡೆಯ ಎರೆ ಮಣ್ಣಿನಲ್ಲಿ ಅಡ್ಡ ಗೂಡು ಕೊರೆಯಲು ಹೋದರೆ ಮೇಲಿನ ಮಣ್ಣು ಕುಸಿಯುತ್ತದೆ, ಮಳೆಗಾಲದಲ್ಲಂತೂ ಕೊರೆಯುವವನ ಮೇಲೆಯೇ ಬೀಳಬಹುದು. ಆಗ ಸಂದೂಕಿಯೇ ಸರಿ. ಆಳ ಕನಿಷ್ಠ ಆಳೆತ್ತರದ ಅರ್ಧ, ಎದೆಮಟ್ಟ ಆದರೆ ಇನ್ನೂ ಒಳ್ಳೆಯದು. ಉದ್ದ ಸತ್ತವರ ಎತ್ತರದಷ್ಟು, ಅಗಲ ಅದರ ಅರ್ಧ. ಮಣ್ಣು ಮುಚ್ಚಿದ ಮೇಲೆ ಒಂದು ಗೇಣು ಎತ್ತರದ ದಿಬ್ಬ, ಒಂಟೆಯ ಬೆನ್ನಿನ ಹಾಗೆ. ಬಂದವರೆಲ್ಲ ತಲೆಯ ಕಡೆಯಿಂದ ಮೂರು ಮೂರು ಬೊಗಸೆ ಮಣ್ಣು ಹಾಕುತ್ತಾರೆ.

ದಿಕ್ಕಿನ ಮಾತು ಇಲ್ಲಿಯೇ ಬರಬೇಕು. ಮೆಕ್ಕಾ ನಮಗೆ ಪಶ್ಚಿಮಕ್ಕಿದೆ. ಹೀಗಾಗಿ ದೇಹವನ್ನು ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ ಮಾಡಿ, ಬಲ ಮಗ್ಗುಲಲ್ಲಿ, ಮುಖ ಪಶ್ಚಿಮಕ್ಕೆ ಬರುವಂತೆ ಮಲಗಿಸುತ್ತಾರೆ. ಇದೊಂದು ಗೊತ್ತಾದರೆ ವಿಜಯಪುರದ ಯಾವ ಗೋರಿಯ ಮುಂದೆ ನಿಂತರೂ ದಿಕ್ಸೂಚಿ ಬೇಡ. ಗೈಡ್ ಮುಂದಿನ ನಿಲ್ದಾಣಗಳಲ್ಲಿ ಬಂದವರಿಂದಲೇ ತಲೆ ಯಾವ ಕಡೆ ಎಂದು ಹೇಳಿಸುತ್ತಾರೆ, ಮಕ್ಕಳು ಇದನ್ನು ಬೇಗ ಹಿಡಿದುಕೊಳ್ಳುತ್ತಾರೆ.

ಕೇಳುವವರು ಈ ಕಡೆಯವರಾದರೆ ಗೈಡ್ ಲಿಂಗಾಯತ ಸಮಾಧಿಯ ಜೊತೆ ಹೋಲಿಸುತ್ತಾರೆ. ಅಲ್ಲಿ ದೇಹವನ್ನು ಕೂಡಿಸಿ ಇಡುತ್ತಾರೆ, ಇಷ್ಟಲಿಂಗ ಕೈಯಲ್ಲಿ, ಸುತ್ತ ವಿಭೂತಿ, ಬಿಲ್ವಪತ್ರೆ. ಆದರೆ ಅಲ್ಲೂ ಕುಣಿಯ ಒಂದು ಬದಿಗೆ ಗೂಡು ಕೊರೆದು ಅದರಲ್ಲೇ ಕೂಡಿಸುವ ಪದ್ಧತಿ ಇದೆ. ಒಂದು ಕಡೆ ಮಲಗಿದ ದೇಹ, ಇನ್ನೊಂದು ಕಡೆ ಕೂತ ದೇಹ, ಎರಡಕ್ಕೂ ಬದಿಯ ಗೂಡು. ಈ ಹೋಲಿಕೆ ಸರಿಯಾಗಿದೆ, ಒತ್ತಾಯದ್ದಲ್ಲ. ಒಂದೇ ನೆಲದಲ್ಲಿ ಹುಗಿಯುವ ಎರಡು ಸಮುದಾಯಗಳು ಮಣ್ಣು ಮೈಮೇಲೆ ಬೀಳದ ಹಾಗೆ ನೋಡಿಕೊಂಡಿವೆ ಎಂಬುದನ್ನು ತಿಳಿದುಕೊಂಡು ಊರಿಗೆ ಹೋಗುವುದು ಒಳ್ಳೆಯದೇ.

ಇಷ್ಟಾದ ಮೇಲೆ ಗುಮ್ಮಟದ ಒಳಗೆ. ಹೊರಗಿನಿಂದ ಒಂದೊಂದು ಬದಿ ಸುಮಾರು 47.5 ಮೀಟರ್, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಎತ್ತರ ಸುಮಾರು 51 ಮೀಟರ್. ನಡುವೆ ಕಂಬವಿಲ್ಲ. ಒಂದನ್ನೊಂದು ಹಾಯ್ದ ಎಂಟು ಕಮಾನುಗಳು ಚೌಕವನ್ನು ಮೇಲೆ ವೃತ್ತಕ್ಕೆ ತಿರುಗಿಸಿ ಭಾರ ಹೊತ್ತಿವೆ. ಗೈಡ್ ಈ ಅಂಕಿಗಳನ್ನು ಬೇಗ ಮುಗಿಸುತ್ತಾರೆ, ಸರಿಯೇ ಮಾಡುತ್ತಾರೆ, ಫಲಕದ ಮೇಲೆ ಸಿಗುವ ಮಾಹಿತಿಗೆ ಗೈಡ್ ಬೇಕಿಲ್ಲ. ನಡು ಕಟ್ಟೆಯ ಮೇಲೆ ಮರದ ಮಂಟಪದ ಕೆಳಗಿರುವುದು ಮುಹಮ್ಮದ ಆದಿಲ್ ಶಹಾನ ಗೋರಿ. ಅದೇ ಸಾಲಿನಲ್ಲಿ ಅವನ ಇಬ್ಬರು ಬೇಗಮರಾದ ತಾಜ್ ಜಹಾನ್ ಮತ್ತು ಅರೂಸ್ ಬೀಬಿ, ನರ್ತಕಿ ರಂಭಾ, ಒಬ್ಬ ಮಗಳು, ಒಬ್ಬ ಮೊಮ್ಮಗ. ಒಂದೊಂದು ಗೋರಿಯೂ ಉತ್ತರ ದಕ್ಷಿಣ, ಸಾಲು ಮಾತ್ರ ಪೂರ್ವ ಪಶ್ಚಿಮ.

ಆದರೆ ದೇಹಗಳು ಅಲ್ಲಿಲ್ಲ. ನಮ್ಮ ಕಣ್ಣಿಗೆ ಕಾಣುವುದು ಗುರುತಿನ ಗೋರಿಗಳು. ನಿಜವಾದವು ಅದರ ನೇರ ಕೆಳಗೆ ನೆಲಮಾಳಿಗೆಯಲ್ಲಿ, ಪಶ್ಚಿಮ ಬಾಗಿಲ ಕೆಳಗಿನ ಮೆಟ್ಟಿಲುಗಳಿಂದ ಅದಕ್ಕೆ ದಾರಿ. ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಗೈಡ್ ಹೊರಗಿನಿಂದಲೇ ಜಾಗ ತೋರಿಸುತ್ತಾರೆ. ಯಾಕೆ ಎರಡು ಹಂತ? ದೇಹ ಮಣ್ಣಿಗೇ ಸೇರಬೇಕು, ಕಟ್ಟೆಯ ಮೇಲಿನ ಕಲ್ಲಿನ ಪೆಟ್ಟಿಗೆಗಲ್ಲ. ಗೋರಿಯನ್ನು ತುಳಿಯಬಾರದು, ಅದರ ಮೇಲೆ ಕೂರಬಾರದು. ಜನ ಬಂದು ಫಾತಿಹಾ (ಸತ್ತವರಿಗಾಗಿ ಓದುವ ಪ್ರಾರ್ಥನೆ) ಓದಲು, ಚಾದರ ಹೊದಿಸಲು, ಹೂವು ಹಾಕಲು ಮೇಲಿನ ಹಂತ. ಯಾರೂ ಕದಡದೆ ಇರಲು ಕೆಳಗಿನದು. ಇದನ್ನು ಹೇಳದೆ ಹೋಗುವ ಗೈಡುಗಳಿಂದಾಗಿ ಎಷ್ಟೋ ಜನ ಮರದ ಮಂಟಪದ ಕೆಳಗೇ ಸುಲ್ತಾನ ಇದ್ದಾನೆ ಎಂದುಕೊಂಡೇ ಹೊರಟುಬಿಡುತ್ತಾರೆ.

ದಕ್ಷಿಣ ಬಾಗಿಲ ಮೇಲಿನ ಬರಹದ ವಿವರಣೆ ಇನ್ನೊಂದು ಗಟ್ಟಿ ಭಾಗ. ಅಲ್ಲಿ ಮೂರು ಸಣ್ಣ ಪಾರ್ಸಿ ವಾಕ್ಯಗಳಿವೆ. ಅಬ್ಜದ್ ಎಂಬ ಲೆಕ್ಕದಲ್ಲಿ ಅರಬ್ಬಿ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ. ಗೈಡ್ ಪಾಟಿ ಬಳಪ ತೆಗೆದು ಮುಹಮ್ಮದ್ ಎಂಬ ಹೆಸರನ್ನು ಬರೆಯುತ್ತಾರೆ: ಮೀಮ್ 40, ಹೇ 8, ಮತ್ತೆ ಮೀಮ್ 40, ದಾಲ್ 4, ಒಟ್ಟು 92. ಹೀಗೆ ಕೂಡುತ್ತ ಹೋದರೆ ಮೂರರಲ್ಲಿ ಪ್ರತಿ ವಾಕ್ಯವೂ 1067 ಕೊಡುತ್ತದೆ. ಮುಸ್ಲಿಂ ಪಂಚಾಂಗದ ಹಿಜರಿ 1067 ಎಂದರೆ ನಮ್ಮ 1656, ಸುಲ್ತಾನ ತೀರಿಕೊಂಡ ವರ್ಷ. ಸ್ವರ್ಗವಾಸಿಯಾದ ಸುಲ್ತಾನ ಎಂದು ಹೇಳುವ ಮಾತಿನೊಳಗೇ ತೀರಿಕೊಂಡ ವರ್ಷ ಅಡಗಿದೆ. ಮರಣದ ದಿನ ಕೆತ್ತುವ ಈ ಕ್ರಮ ಗೊತ್ತಿಲ್ಲದವರಿಗೆ ಅದು ಬರೀ ಚಂದದ ಅಕ್ಷರ.

ಗ್ಯಾಲರಿಗೆ ಕರೆದೊಯ್ಯುತ್ತಾರೆ, ಆದರೆ ಹೆಚ್ಚು ಹೊತ್ತು ನಿಲ್ಲಿಸುವುದಿಲ್ಲ. ಮೊಣಕಾಲು ನೋವಿದ್ದವರು ಕೆಳಗೇ ಕೂತರೆ ಏನೂ ನಷ್ಟವಿಲ್ಲ. ಸುಲ್ತಾನನ ಮಾತಿಗೆ ರಂಭಾ ಮೇಲಿಂದ ಹಾರಿದಳು ಎಂಬ ಕಥೆಯನ್ನು ಗೈಡ್ ಕಥೆ ಎಂದೇ ಹೇಳಿ ಮುಗಿಸುತ್ತಾರೆ. ಅದಕ್ಕಾಗಿ ಅವರನ್ನು ಮೆಚ್ಚಲೇಬೇಕು. ರಂಭೆಯ ಗೋರಿ ಬೇಗಮರ ಸಾಲಿನಲ್ಲೇ ಇದೆ, ಅರಮನೆಯಲ್ಲಿ ಅವಳಿಗೆ ಇದ್ದ ಸ್ಥಾನ ಏನೆಂದು ತಿಳಿಯಲು ಅದೇ ಸಾಕು.

ಇಬ್ರಾಹಿಂ ರೋಜಾದಲ್ಲಿ ನಡಿಗೆ ನಿಧಾನವಾಗುತ್ತದೆ, ಆಗಲೇಬೇಕು. ಒಂದೇ ಎತ್ತರದ ಕಟ್ಟೆ, ಪೂರ್ವಕ್ಕೆ ಗೋರಿಯ ಕಟ್ಟಡ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ಹೊಂಡ. ಎದುರುಬದುರು ಯಾಕೆ ಹೀಗೆ ಕಟ್ಟಿದರು ಎಂದು ಗೈಡ್ ಕೇಳುತ್ತಾರೆ. ಚಂದಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ಚಂದವೂ ಹೌದು. ಆದರೆ ಮಸೀದಿಯಲ್ಲಿ ನಿಂತವರ ಮುಖ ಪಶ್ಚಿಮಕ್ಕೆ, ಗೋರಿ ಅವರ ಬೆನ್ನ ಹಿಂದೆ. ಗೋರಿಯ ಕಡೆ ಮುಖ ಮಾಡಿ ನಮಾಜು ಮಾಡಬಾರದು ಎಂಬ ನಿಯಮ ಕಟ್ಟಡದ ನಕ್ಷೆಯಲ್ಲೇ ಕೂತಿದೆ. ಮಸೀದಿಯನ್ನು ಪೂರ್ವಕ್ಕೆ, ಗೋರಿಯನ್ನು ಪಶ್ಚಿಮಕ್ಕೆ ಇಟ್ಟಿದ್ದರೆ ಈ ಅನುಕೂಲ ಇರುತ್ತಿರಲಿಲ್ಲ. ಗೋಲಗುಮ್ಮಟದ ಮಸೀದಿ ಪಶ್ಚಿಮಕ್ಕಿರುವುದನ್ನು ಆಗ ನೆನಪು ಮಾಡಿಕೊಂಡರೆ ಎರಡು ಕಟ್ಟಡಗಳೂ ಒಂದೇ ಮಾತು ಹೇಳುತ್ತವೆ.

ಒಳಗೆ ಆರು ಗೋರಿಗಳು. ಎರಡನೇ ಇಬ್ರಾಹಿಂ ಆದಿಲ್ ಶಹಾ, ಅವನ ತಾಯಿ ಹಾಜಿ ಬಡೀ ಸಾಹಿಬಾ, ಬೇಗಂ ತಾಜ್ ಸುಲ್ತಾನಾ, ಮಗಳು ಜೊಹರಾ ಸುಲ್ತಾನಾ, ಮಕ್ಕಳಾದ ದರ್ವೇಶ್ ಪಾದಶಾಹ ಮತ್ತು ಸುಲೇಮಾನ್. ಕಟ್ಟಿಸಿದವಳು ತಾಜ್ ಸುಲ್ತಾನಾ, ಕಟ್ಟಿದವನು ಮಲಿಕ್ ಸಂದಲ್, ಖರ್ಚು ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ಹೊನ್ನು ಎಂದು ಇಲ್ಲಿನ ಬರಹವೇ ಹೇಳುತ್ತದೆ. ಸುಲ್ತಾನ ತೀರಿಕೊಂಡದ್ದು 1627ರಲ್ಲಿ. ಜಾಲಂದ್ರಗಳ ಅಕ್ಷರ, ಆಧಾರವೇ ಇಲ್ಲದಂತೆ ಕಾಣುವ ಕಲ್ಲಿನ ಚಾವಣಿ, ಇವುಗಳ ಮುಂದೆ ಎಷ್ಟು ಹೊತ್ತು ನಿಂತರೂ ಕಡಿಮೆಯೇ.

ಗೋರಿಗಲ್ಲು ಓದುವುದನ್ನು ಕಲಿಸುವುದು ಇಲ್ಲೇ. ಗೈಡ್ ಚೀಲದಿಂದ ಎರಡು ಸಣ್ಣ ಮರದ ಮಾದರಿ ತೆಗೆಯುತ್ತಾರೆ. ಒಂದರ ನೆತ್ತಿಯ ಮೇಲೆ ಉದ್ದಕ್ಕೆ ಉಬ್ಬಿದ ದಿಂಡು, ಲೇಖನಿ ಡಬ್ಬಿಯ ಆಕಾರ, ಅದು ಗಂಡಸಿನ ಗೋರಿ. ಇನ್ನೊಂದರ ಮೇಲ್ಭಾಗ ಚಪ್ಪಟೆ, ಪಾಟಿಯ ಹಾಗೆ, ಅದು ಹೆಂಗಸಿನದು. ಈ ಗುರುತು ಹಿಂದೂಸ್ತಾನದ ಗೋರಿಗಳಲ್ಲಿ ಬೆಳೆದುಬಂದ ರೂಢಿ, ಧರ್ಮಶಾಸ್ತ್ರದ ನಿಯಮವಲ್ಲ ಎಂದೂ ಅವರು ಹೇಳುತ್ತಾರೆ. ಹೆಸರಿಲ್ಲದ ಗೋರಿಯ ಮುಂದೆ ನಿಂತಾಗ ಇದೊಂದೇ ಸುಳಿವು. ಎಷ್ಟೋ ಕಡೆ ಮೇಲಿನ ಗಚ್ಚು ಉದುರಿ, ರಿಪೇರಿಯಲ್ಲಿ ಸಿಮೆಂಟು ಬಳಿದು ದಿಂಡು ಮುಚ್ಚಿಹೋಗಿರುತ್ತದೆ, ಅಂಥಲ್ಲಿ ತಪ್ಪಾಗಿ ಓದುವ ಅಪಾಯ ಇದೆ. ಅದಕ್ಕೆ ಬದಿಯ ಕೆತ್ತನೆಯನ್ನೂ ಪಕ್ಕದ ಗೋರಿಗಳನ್ನೂ ನೋಡಿಯೇ ಹೇಳಬೇಕು.

ಒಂದನೇ ಅಲಿಯ ರೋಜಾಕ್ಕೆ ಪ್ರವಾಸಿಗರು ಬರುವುದಿಲ್ಲ. ಗುಂಪಿನಲ್ಲಿ ಮಕ್ಕಳಿದ್ದರೆ ಗೈಡುಗಳೂ ಬಿಡುತ್ತಾರೆ. ಬಿಡಬಾರದು, ಒತ್ತಾಯ ಮಾಡಿ ಹೋಗಿ. ಆಡಂಬರವಿಲ್ಲದ ಕಟ್ಟಡ, ಆದರೆ ವಿಜಯಪುರದಲ್ಲಿ ಹುಗಿದ ಮೊದಲ ಆದಿಲಶಾಹಿ ಸುಲ್ತಾನ ಇವನೇ, 1580ರಲ್ಲಿ. ಅವನಿಗಿಂತ ಮೊದಲಿನವರು, ಯೂಸುಫ್, ಇಸ್ಮಾಯಿಲ್, ಒಂದನೇ ಇಬ್ರಾಹಿಂ, ಈಗಿನ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾದ ಆವರಣದಲ್ಲಿ ಮಲಗಿದ್ದಾರೆ. ರಾಜಧಾನಿಯಲ್ಲಿ ಸತ್ತರೂ ಸಂತನ ಪಕ್ಕದ ಮಣ್ಣೇ ಬೇಕು ಎಂಬ ಆಸೆ ಅದು. ಮೊಮ್ಮಕ್ಕಳ ಕಾಲಕ್ಕೆ ಆ ಆಸೆ ಬದಲಾಗಿ, ಸ್ವಂತ ಗುಮ್ಮಟವೇ ಬೇಕಾಯಿತು. ಒಂದನೇ ಅಲಿ ಇವೆರಡರ ನಡುವೆ ನಿಂತಿದ್ದಾನೆ.

ಇಲ್ಲಿ ಹಿರಿಯ ಗೈಡ್ ಒಂದು ದೂರದ ಹೋಲಿಕೆ ಕೊಡುತ್ತಾರೆ. ಮೊದಲು ಕೇಳಿದಾಗ ಇದು ಬೇಕೇ ಎನಿಸುತ್ತದೆ, ಕೇಳಿ ಮುಗಿದ ಮೇಲೆ ಹಾಗೆನಿಸುವುದಿಲ್ಲ. ಸ್ಪೇನಿನ ಆಳ್ವಿಕೆಯಲ್ಲಿದ್ದ ಮೆಕ್ಸಿಕೊ, ಪೆರುಗಳಲ್ಲಿಯೂ ಅದೇ ಶತಮಾನಗಳಲ್ಲಿ ಜನ ಪವಿತ್ರ ಜಾಗದ ಸಮೀಪ ಮಣ್ಣಾಗಲು ಹಂಬಲಿಸಿದರು. ಅಲ್ಲಿ ಚರ್ಚಿನ ನೆಲದ ಕೆಳಗೇ ಹುಗಿಯುತ್ತಿದ್ದರು. ಪೂಜಾಪೀಠಕ್ಕೆ ಹತ್ತಿರವಾದಷ್ಟೂ ಶುಲ್ಕ ಹೆಚ್ಚು, ಬಾಗಿಲ ಕಡೆಗೆ ಬಂದಷ್ಟೂ ಕಡಿಮೆ, ತೀರ ಬಡವರಿಗೆ ಹೊರಗಿನ ಅಂಗಳ. ಮೆರವಣಿಗೆಯಲ್ಲೂ ದರ್ಜೆ ಇತ್ತು, ಹೆಚ್ಚು ಹಣ ಕೊಟ್ಟವರಿಗೆ ಎತ್ತರದ ಶಿಲುಬೆ, ಕಡಿಮೆ ಕೊಟ್ಟವರಿಗೆ ಗಿಡ್ಡದ್ದು. ಫ್ರಾನ್ಸಿಸ್ಕನ್ ಸನ್ಯಾಸಿಗಳ ನಿಲುವಂಗಿಯನ್ನೇ ಶವವಸ್ತ್ರವಾಗಿ ಉಡಿಸಬೇಕೆಂದು ಅನುಕೂಲಸ್ಥರು ಉಯಿಲಿನಲ್ಲಿ ಬರೆಸುತ್ತಿದ್ದರು. ಪುಟ್ಟ ಮಕ್ಕಳು ಸತ್ತರೆ ದೇವದೂತರಾದರು ಎಂದು ಹೂವಿನ ಕಿರೀಟ ಇಟ್ಟು, ಅಳುವುದರ ಬದಲು ಹಾಡು ಹೇಳಿ ಕಳಿಸುವ ರೂಢಿಯಿತ್ತು. ಹೆಣಗಳು ತುಂಬಿ, ನೆಲದ ಹಲಗೆ ಎತ್ತಿದಾಗಲೆಲ್ಲ ದುರ್ನಾತ ಬಂದು, ರೋಗದ ಭಯ ಹುಟ್ಟಿತು. 1787ರಲ್ಲಿ ದೊರೆ ಮೂರನೇ ಕಾರ್ಲೋಸ್ ಊರ ಹೊರಗೆ ಸ್ಮಶಾನ ಮಾಡಬೇಕೆಂದು ಆಜ್ಞೆ ಹೊರಡಿಸಿದ. ಜನ ಸುಲಭಕ್ಕೆ ಒಪ್ಪಲಿಲ್ಲ, ಪೆರುವಿನ ಲಿಮಾ ನಗರದ ಹೊರಗಿನ ಸ್ಮಶಾನ ತೆರೆದದ್ದು 1808ರಲ್ಲಿ. ಲಿಮಾದ ಸ್ಯಾನ್ ಫ್ರಾನ್ಸಿಸ್ಕೊ ಚರ್ಚಿನ ಕೆಳಗಿನ ಎಲುಬಿನ ನೆಲಮಾಳಿಗೆಗಳು ಆ ಕಾಲದವೇ.

ಈ ಹೋಲಿಕೆಯಿಂದ ನಮಗೆ ಸಿಗುವುದು ಒಂದು ಖಚಿತ ವ್ಯತ್ಯಾಸ. ಅಲ್ಲಿ ಪ್ರಾರ್ಥನೆಯ ನೆಲದ ಕೆಳಗೇ ದೇಹ. ಇಲ್ಲಿ ಮಸೀದಿಗೂ ಗೋರಿಗೂ ನಡುವೆ ಹೊಂಡ, ಅಂಗಳ, ಗಾಳಿ. ಅಲ್ಲಿ ಒಂದೇ ಕುಣಿಯನ್ನು ಮತ್ತೆ ಮತ್ತೆ ತೆರೆದರು. ಇಲ್ಲಿ ಅರಸರ ಗೋರಿಗಳಲ್ಲಿ ಒಬ್ಬರಿಗೆ ಒಂದು ಕುಣಿ, ಅದರ ಮೇಲೆ ಅದರದೇ ಗುರುತು. ಹೋಲಿಕೆ ಹತ್ತು ನಿಮಿಷದ್ದು, ಅಷ್ಟಕ್ಕೇ ನಿಲ್ಲಿಸುತ್ತಾರೆ.

ಜೋಡ ಗುಮ್ಮಟ ಎಂದರೆ ಗೋರಿಮನೆಗಳ ಒಂದು ಜೋಡಿ. ಇಲ್ಲಿ ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಹಾಕಿ ಹೋಗಬೇಕು. ಇದು ನೋಡುವ ಜಾಗವಷ್ಟೇ ಅಲ್ಲ, ಜನ ನಡೆದುಕೊಳ್ಳುವ ಜಾಗ. ಚಾದರ, ಹೂವು, ಊದುಬತ್ತಿ, ಸಕ್ಕರೆ ಹಿಡಿದು ಎಲ್ಲ ಜಾತಿಯವರೂ ಬರುತ್ತಾರೆ. ಮೂರನೇ ದಿನದ ಜಿಯಾರತ್, ಹತ್ತನೇ ದಿನ, ನಲವತ್ತನೇ ದಿನದ ಚೆಹಲುಮ್, ವರ್ಷದ ಉರುಸು, ಇವೆಲ್ಲ ಸತ್ತವರ ನೆನಪಿನ ಮೆಟ್ಟಿಲುಗಳು ಎಂದು ಗೈಡ್ ಹೇಳುವುದು ಇಲ್ಲಿ. ಸಂತನ ವಿಷಯದಲ್ಲಿ ಮರಣದ ದಿನವೇ ಹಬ್ಬವಾಗುತ್ತದೆ, ಅವನು ದೇವರನ್ನು ಸೇರಿದ ದಿನ ಎಂಬ ಕಾರಣಕ್ಕೆ. ನಮ್ಮಲ್ಲಿ ಲಿಂಗೈಕ್ಯರ ಪುಣ್ಯಸ್ಮರಣೆಗೆ ದಾಸೋಹ ಮಾಡುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಯ ಇನ್ನೊಂದು ಸಂಗತಿಯನ್ನು ಗೈಡ್ ಒತ್ತಿ ಹೇಳಬೇಕಿತ್ತು, ಹೇಳಲಿಲ್ಲ. 1885ರ ಹೊತ್ತಿಗೆ ಇಂಗ್ಲಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ವಿಜಯಪುರಕ್ಕೆ ತಂದಾಗ ಹಳೆಯ ಕಟ್ಟಡಗಳನ್ನೇ ಕಚೇರಿ, ಮನೆ ಮಾಡಿಕೊಂಡರು. ಈ ಜೋಡಿಯ ಒಂದು ಗೋರಿಮನೆ ಎಕ್ಸಿಕ್ಯೂಟಿವ್ ಎಂಜಿನಿಯರರ ವಾಸದ ಮನೆಯಾಗಿತ್ತು. ಗೋಲಗುಮ್ಮಟದ ಮಸೀದಿ ಪ್ರವಾಸಿ ಬಂಗಲೆಯಾಗಿತ್ತು. ಗೋರಿಯನ್ನು ತುಳಿಯಬಾರದು ಎಂದು ಮುಂಜಾನೆ ಅಷ್ಟು ಚೆನ್ನಾಗಿ ವಿವರಿಸಿದ ಮೇಲೆ, ಅದೇ ಊರಲ್ಲಿ ಗೋರಿಯ ಮೇಲೆ ಸಂಸಾರ ನಡೆದದ್ದನ್ನು ಹೇಳದೆ ಬಿಡುವುದು ಸರಿಯಲ್ಲ.

ಬಾರಾ ಕಮಾನ್ ಬೇಗ ಮುಗಿಯುತ್ತದೆ. ಇದು ಸುಲ್ತಾನ ಎರಡನೇ ಅಲಿಯ ಗೋರಿ. ಅವನು 1672ರಲ್ಲಿ ತೀರಿಕೊಂಡ, ಕಟ್ಟಡ ಅರ್ಧಕ್ಕೇ ಉಳಿಯಿತು, 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ ಔರಂಗಜೇಬನಿಗೆ ಶರಣಾದ ಮೇಲೆ ಮುಗಿಸುವವರು ಯಾರೂ ಇರಲಿಲ್ಲ. ಗುಮ್ಮಟ ಏಳದಿದ್ದರೂ ಕೆಳಗೆ ಗೋರಿ ಪೂರ್ಣ. ಮಣ್ಣಿನ ಕೆಲಸ ಮೊದಲು, ಕಲ್ಲಿನ ಕೆಲಸ ಆಮೇಲೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತಪ್ಪು ಇರುವುದು ಸಾಠ ಕಬರಿನಲ್ಲಿ. ಊರಿಂದ ದೂರ, ದಾರಿ ಅಷ್ಟಕ್ಕಷ್ಟೆ, ಹೊತ್ತೂ ಏರಿರುತ್ತದೆ. ಕಟ್ಟೆಯ ಮೇಲೆ ಸಾಲುಸಾಲಾಗಿ ಅರವತ್ತಕ್ಕೂ ಹೆಚ್ಚು ಕರಿಕಲ್ಲಿನ ಗೋರಿಗಳು, ಒಂದೇ ಅಳತೆ, ಒಂದೇ ಆಕಾರ. ಶಿವಾಜಿಯನ್ನು ಎದುರಿಸಲು ಹೊರಟ ಆದಿಲಶಾಹಿ ಸೇನಾಪತಿ ಅಫಜಲ್ ಖಾನ್, ತಾನು ಮರಳಿ ಬರುವುದಿಲ್ಲ ಎಂಬ ಜ್ಯೋತಿಷ್ಯ ಕೇಳಿ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ನೂಕಿಸಿದ ಎಂಬುದು ಜನ ಹೇಳುವ ಕಥೆ. ಮುಂಜಾನೆ ರಂಭೆಯ ಕಥೆಯನ್ನು ಕಥೆ ಎಂದೇ ಹೇಳಿದ ಗೈಡ್ ಇಲ್ಲಿ ಇದನ್ನು ಇತಿಹಾಸ ಎಂಬಂತೆ, ಮಾತುಕತೆ ಸಮೇತ ಹೇಳುತ್ತಾರೆ. ಖಾನ್ 1659ರಲ್ಲಿ ಪ್ರತಾಪಗಡದಲ್ಲಿ ಸತ್ತದ್ದು ನಿಜ. ಕಲ್ಲುಗಳು ಹೇಳುವುದು ಇಷ್ಟೇ: ಮೇಲ್ಭಾಗ ಚಪ್ಪಟೆ, ಹಾಗಾಗಿ ಇವು ಹೆಂಗಸರ ಗೋರಿಗಳು. ಅಳತೆ ಒಂದೇ, ಸಾಲು ನೇರ, ಹಾಗಾಗಿ ಯಾರೋ ಯೋಜನೆ ಹಾಕಿ ಮಾಡಿಸಿದ್ದು. ಇವರೆಲ್ಲ ಒಂದೇ ದಿನ ಸತ್ತರು ಎಂದಾಗಲಿ, ಹೀಗೆಯೇ ಸತ್ತರು ಎಂದಾಗಲಿ ಕಲ್ಲು ಹೇಳುವುದಿಲ್ಲ. ಒಂದು ಮನೆತನದ ಜನಾನಾಕ್ಕೆಂದೇ (ಹೆಂಗಸರಿಗೆಂದೇ) ಕಾದಿರಿಸಿದ ಖಬರಸ್ತಾನದಲ್ಲೂ ಸಾಲು ಹೀಗೇ ಇರಬಹುದು. ಇಲ್ಲಿ ಮಲಗಿದವರಿಗೆ ಹೆಸರಿಲ್ಲ, ಅವರ ಬಗ್ಗೆ ಮಾತಾಡುವಾಗ ಇನ್ನೂ ಎಚ್ಚರ ಬೇಕು. ಚೀಲದಲ್ಲಿ ಆ ಮರದ ಮಾದರಿಗಳು ಇದ್ದೇ ಇರುತ್ತವೆ. ಅವನ್ನು ಇಲ್ಲೂ ಹೊರಗೆ ತೆಗೆದು, ನೀವೇ ಓದಿ ಹೇಳಿ ಎಂದಿದ್ದರೆ ಇಡೀ ದಿನದ ಪಾಠ ಇಲ್ಲಿ ಕೈಗೂಡುತ್ತಿತ್ತು.

ಇನ್ನು ಸಣ್ಣಪುಟ್ಟ ಮಾತು. ಶುಕ್ರವಾರ ಬೇಡ, ಮಧ್ಯಾಹ್ನದ ನಮಾಜಿನ ಹೊತ್ತಿಗೆ ದರ್ಗಾ, ಮಸೀದಿಗಳಲ್ಲಿ ಗುಂಪಾಗಿ ನಿಲ್ಲುವುದು ಅಲ್ಲಿಯವರಿಗೆ ತೊಂದರೆ. ಶಾಲಾ ಪ್ರವಾಸದ ತಿಂಗಳುಗಳಾದ ಡಿಸೆಂಬರ್, ಜನವರಿಯಲ್ಲಿ ಗೋಲಗುಮ್ಮಟದ ಹಜಾರದಲ್ಲಿ ಗೈಡಿನ ಮಾತು ಕೇಳಿಸುವುದೇ ಇಲ್ಲ. ಮೇಲಿನ ಕೂಗೆಲ್ಲ ಕೆಳಗೇ ಇಳಿಯುತ್ತದೆ, ಅದಕ್ಕೆ ಗೇಟು ತೆರೆದ ಕೂಡಲೇ ಒಳಗೆ ಹೋಗುವುದೇ ದಾರಿ. ಬೇಸಿಗೆಯಲ್ಲಿ ಹತ್ತೂವರೆಯ ಮೇಲೆ ಇಬ್ರಾಹಿಂ ರೋಜಾದ ಕಟ್ಟೆಗಲ್ಲು ಬರಿಗಾಲಿಗೆ ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಗುಂಪು ಎಂಟು ಹತ್ತು ಜನ ಮೀರಿದರೆ ಕಫನ್ ತೋರಿಸುವಾಗ ಹಿಂದಿನವರಿಗೆ ಏನೂ ಕಾಣುವುದಿಲ್ಲ, ಎರಡು ಗುಂಪು ಮಾಡಿಸಿ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಬಟ್ಟೆ ಸುತ್ತುವ ಭಾಗ ತಡೆದುಕೊಳ್ಳುವುದು ಕಷ್ಟ. ಮೊದಲೇ ಹೇಳಿದರೆ ಗೈಡ್ ಅದನ್ನು ಬರೀ ಮಾತಿನಲ್ಲಿ ಮುಗಿಸುತ್ತಾರೆ, ಆ ಸೂಕ್ಷ್ಮ ಅವರಿಗಿದೆ. ಕೈಗೆ ಕೊಡುವ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ಕುಣಿಯ ಎರಡು ಚಿತ್ರ, ಕಫನ್ನಿನ ತುಂಡುಗಳ ಹೆಸರು, ಅಬ್ಜದ್ ಪಟ್ಟಿ ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಶಾಲೆಗಳ ಮಾಸ್ತರರೂ ಇಟ್ಟುಕೊಳ್ಳುತ್ತಾರೆ. ಸಾಠ ಕಬರಿಗೆ ಹೋಗುವುದಾದರೆ ಆಟೊದವರ ಜೊತೆ ಕಾಯುವ ಹೊತ್ತೂ ಸೇರಿಸಿ ದರ ಮಾತಾಡಿಕೊಳ್ಳಿ, ಅಲ್ಲಿಂದ ಮರಳಿ ಬರಲು ಬೇರೆ ಗಾಡಿ ಸಿಗುವುದಿಲ್ಲ.